ರೋಮ್‌ನಲ್ಲಿ ಖಾಸಗಿ ಟೂರ್: ಅಪ್ಪ-ಅಮ್ಮನ ನಡಿಗೆಗೆ ತಕ್ಕಂತೆ ಬುಕ್ ಮಾಡುವುದು ಹೇಗೆ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ಇದ್ದೇವೆ. ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅವರನ್ನು ಮೂರು ದಿನ ರೋಮ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಪ್ಪನಿಗೆ 71 ವರ್ಷ, ಇತಿಹಾಸ ಪಾಠ ಮಾಡಿ ರಿಟೈರ್ ಆದವರು. ಅಮ್ಮನಿಗೆ 66, ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಮಗನಿಗೆ 9. ನಾವೆಲ್ಲ ಸಸ್ಯಾಹಾರಿಗಳು. ಒಂದು ಏಜೆನ್ಸಿಯವರು ಎರಡು ದಿನದ 'ಕಸ್ಟಮೈಸ್ಡ್ ಪ್ರೈವೇಟ್ ಟೂರ್'ಗೆ 1,650 ಯೂರೊ ಹೇಳಿದ್ದಾರೆ. ದಿನವಿಡೀ ವ್ಯಾನ್, ಇಂಗ್ಲಿಷ್ ಮಾತಾಡುವ ಡ್ರೈವರ್, 14 ಜಾಗ. ಪ್ರವೇಶ ಟಿಕೆಟ್ ಬೇರೆ. ಒಪ್ಪಿಕೊಳ್ಳಬಹುದೇ? ಇಲ್ಲಾ ನಾವೇ ಗೈಡ್ ಹುಡುಕಿಕೊಂಡರೆ ಒಳ್ಳೆಯದೇ? ಟಿಪ್ಸ್ ಎಷ್ಟು ಕೊಡಬೇಕು ಅನ್ನುವುದನ್ನೂ ತಿಳಿಸಿ.

ಉತ್ತರ: ಒಪ್ಪಿಕೊಳ್ಳಬೇಡಿ. ದುಡ್ಡು ಜಾಸ್ತಿ ಆಯಿತು ಅಂತಲ್ಲ. ಆ ದುಡ್ಡಿಗೆ ನಿಮ್ಮ ಮನೆಯವರಿಗೆ ಬೇಕಾದದ್ದು ಸಿಗುವುದಿಲ್ಲ ಅಂತ.

ನೀವು ಕಳಿಸಿದ ವಿವರದಲ್ಲಿ ಮೂರು ಮಾತು ನನ್ನ ಕಣ್ಣಿಗೆ ಬಿದ್ದವು. ಮೊದಲನೆಯದು 'ಇಂಗ್ಲಿಷ್ ಮಾತಾಡುವ ಡ್ರೈವರ್'. ಇವರು ಗೈಡ್ ಅಲ್ಲ. ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. 2023ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆಯ ಪ್ರಕಾರ ಇಡೀ ದೇಶಕ್ಕೆ ಒಂದೇ ಗೈಡ್ ಪಟ್ಟಿ, ಪ್ರತಿಯೊಬ್ಬರಿಗೂ ಗುರುತಿನ ಚೀಟಿ. ಡ್ರೈವರ್ ದಾರಿಯಲ್ಲಿ ಅದು ಇದು ಹೇಳಬಹುದು. ಆದರೆ ಕೊಲೋಸಿಯಂ ಒಳಗೆ ಬಂದು ವಿವರಿಸುವಂತಿಲ್ಲ. ನಿಮ್ಮನ್ನು ಹೊರಗೆ ಇಳಿಸಿ, 'ಒಂದೂವರೆ ಗಂಟೆ ಬಿಟ್ಟು ಇಲ್ಲೇ ಸಿಗ್ತೀನಿ' ಅನ್ನುತ್ತಾರೆ, ಅಷ್ಟೆ. ಇತಿಹಾಸ ಮೇಷ್ಟ್ರನ್ನು ಕರೆದುಕೊಂಡು ಹೋಗಿ, ಒಳಗೆ ಒಬ್ಬರೂ ವಿವರಿಸುವವರಿಲ್ಲದೆ ಬಿಟ್ಟರೆ ಹೇಗೆ?

ಎರಡನೆಯದು 'ದಿನವಿಡೀ ವ್ಯಾನ್'. ಕೇಳಲು ಹಿತವಾಗಿದೆ, ಅಮ್ಮನ ಮಂಡಿಗೂ ಅನುಕೂಲ ಅನ್ನಿಸುತ್ತದೆ. ಆದರೆ ರೋಮ್‌ನ ಹಳೇ ಊರಿನೊಳಗೆ ವಾಹನಕ್ಕೆ ಕಟ್ಟುಪಾಡು ಇದೆ. ಅದಕ್ಕೆ ಝಡ್‌ಟಿಎಲ್ ಅನ್ನುತ್ತಾರೆ. ಪರ್ಮಿಟ್ ಇಲ್ಲದ ಗಾಡಿ ಒಳಗೆ ಹೋದರೆ ಕ್ಯಾಮೆರಾ ಫೋಟೊ ತೆಗೆದು ದಂಡದ ನೋಟಿಸ್ ಮನೆಗೆ ಬರುತ್ತದೆ. (ಮ್ಯೂನಿಕ್‌ನಿಂದ ಸ್ವಂತ ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಇದನ್ನು ನೆನಪಿಡಿ. ನೋಟಿಸ್ ಜರ್ಮನಿಗೂ ಬರುತ್ತದೆ.) ಚಾಲಕ ಸಹಿತ ಬಾಡಿಗೆಗೆ ಲೈಸೆನ್ಸ್ ಇರುವ ಗಾಡಿಗಳು, ಅಲ್ಲಿನವರು ಎನ್‌ಸಿಸಿ ಎಂದು ಕರೆಯುವಂಥವು, ಒಳಗೆ ಬರಬಹುದು. ಆದರೂ ಟ್ರೆವಿ ಕಾರಂಜಿಯ ಎದುರು ಯಾವ ವ್ಯಾನೂ ನಿಲ್ಲುವುದಿಲ್ಲ. ಹಳೇ ರೋಮನ್ ದೇವಾಲಯ ಪ್ಯಾಂಥಿಯನ್ ಮುಂದಿನ ಚೌಕದಲ್ಲೂ ಇಲ್ಲ, ನವೋನಾ ಚೌಕದಲ್ಲೂ ಇಲ್ಲ. ಕೊಲೋಸಿಯಂ ಎದುರಿನ ಫೋರಿ ಇಂಪೀರಿಯಾಲಿ ರಸ್ತೆಯ ಆ ತುದಿಯಲ್ಲಿ 2013ರಿಂದ ಖಾಸಗಿ ಕಾರುಗಳ ಓಡಾಟವನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ಊರಿನ ನಡುವೆ ವ್ಯಾನ್ ಇದ್ದೂ ನಡೆಯುವುದು ತಪ್ಪುವುದಿಲ್ಲ. ಆ ಹೊತ್ತಿನಲ್ಲಿ ಗಾಡಿ ಎಲ್ಲೋ ನಿಂತಿರುತ್ತದೆ, ಮೀಟರ್ ಮಾತ್ರ ನಿಮ್ಮ ಲೆಕ್ಕದಲ್ಲಿ ಓಡುತ್ತಿರುತ್ತದೆ.

ಮೂರನೆಯದು '14 ಜಾಗ'. ಇದರಲ್ಲೇ ಎಲ್ಲಾ ಗೊತ್ತಾಗುತ್ತದೆ. ನಿಮಗಾಗಿ ಮಾಡಿದ ಟೂರ್ ಆಗಿದ್ದರೆ ಅಮ್ಮನ ಮಂಡಿ ನೋವು ತಿಳಿದ ಮೇಲೂ ಎರಡು ದಿನಕ್ಕೆ 14 ಜಾಗ ಬರೆಯುತ್ತಿರಲಿಲ್ಲ. ಇದು ಎಲ್ಲರಿಗೂ ಕಳಿಸುವ ಪಟ್ಟಿ. ನಿಮ್ಮ ಹೆಸರು ಮೇಲೆ ಹಾಕಿದ್ದಾರೆ, ಅಷ್ಟೆ.

ಹಾಗಾದರೆ ಕಸ್ಟಮ್ ಅಂದರೆ ಏನು? ಜಾಗಗಳನ್ನು ಆರಿಸುವುದಕ್ಕಿಂತ ಜಾಗಗಳನ್ನು ಬಿಡುವುದು ಅಂತ ನಾನು ಹೇಳುತ್ತೇನೆ. ಯಾರು ಬರುತ್ತಿದ್ದಾರೆ ಎಂದು ತಿಳಿದುಕೊಂಡು, 'ಇದು ಬೇಡ, ಅದೂ ಬೇಡ, ಇದರ ಬದಲು ಇಲ್ಲಿ ಅರ್ಧ ಗಂಟೆ ಜಾಸ್ತಿ ಇರೋಣ' ಎನ್ನುವವರು ಸಿಕ್ಕರೆ ದುಡ್ಡು ಕೊಡಿ. ಮದುವೆ ಮನೆ ಅಡುಗೆ ಭಟ್ಟರು ಮೊದಲು ಕೇಳುವುದು ಎಷ್ಟು ಎಲೆ, ಯಾವ ಕಡೆಯವರು ಅಂತ ಅಲ್ವಾ? ಮೆನು ಮಾತು ಆಮೇಲೆ. ಗೈಡ್ ಕೂಡ ಹಾಗೇ ಶುರು ಮಾಡಬೇಕು.

ನನ್ನ ಸಲಹೆ ಇಷ್ಟು. ಮೂರು ದಿನದಲ್ಲಿ ಎರಡು ಅರ್ಧ ದಿನ ಮಾತ್ರ ಗೈಡ್ ತೆಗೆದುಕೊಳ್ಳಿ. ಒಂದು ಕೊಲೋಸಿಯಂ ಮತ್ತು ಅದರ ಪಕ್ಕದ ಫೋರಂಗೆ (ಹಳೇ ರೋಮ್‌ನ ಊರ ನಡುವಿನ ಚೌಕ, ಈಗ ಅವಶೇಷ), ಇನ್ನೊಂದು ವ್ಯಾಟಿಕನ್‌ಗೆ. ಗಾಡಿಯನ್ನು ಇವೆರಡಕ್ಕೂ ಸೇರಿಸದೆ ಬೇರೆ ಒಂದು ಅರ್ಧ ದಿನಕ್ಕೆ, ಗಾಡಿಯಿಂದ ನಿಜವಾಗಿ ಉಪಯೋಗ ಇರುವ ಜಾಗಗಳಿಗೆ ಇಟ್ಟುಕೊಳ್ಳಿ. ಉಳಿದ ಹೊತ್ತು ನೀವೇ ಸುತ್ತಿ. ಪ್ಯಾಂಥಿಯನ್, ನವೋನಾ, ಟ್ರೆವಿ ಮೂರೂ ಹತ್ತಿರ ಹತ್ತಿರ ಇವೆ, ಗೈಡ್ ಬೇಕಾಗಿಲ್ಲ.

ಮೊದಲು ಟಿಕೆಟ್ ವಿಷಯ. ಯಾಕೆಂದರೆ ರೋಮ್‌ನಲ್ಲಿ ಟೂರ್‌ನ ದಿನ ನಿರ್ಧಾರ ಮಾಡುವುದು ನೀವೂ ಅಲ್ಲ, ಗೈಡೂ ಅಲ್ಲ. ಟಿಕೆಟ್. ಕೊಲೋಸಿಯಂನ ಸಾಮಾನ್ಯ ಟಿಕೆಟ್ ಸುಮಾರು ಒಂದು ತಿಂಗಳ ಮುಂಚೆ ಅಧಿಕೃತ ಸೈಟ್‌ನಲ್ಲಿ ತೆರೆಯುತ್ತದೆ. ಬೆಲೆ 18 ಯೂರೊ. ಅದರಲ್ಲೇ ರೋಮನ್ ಫೋರಂ ಮತ್ತು ಪ್ಯಾಲಟೈನ್ ಗುಡ್ಡವೂ ಬರುತ್ತದೆ. ನೆಲಮಾಳಿಗೆ ಮತ್ತು ಅಖಾಡದ ನೆಲವನ್ನೂ ನೋಡುವ ಟಿಕೆಟ್ 24 ಯೂರೊ. ಅದಕ್ಕೆ ಬೇಡಿಕೆ ಜಾಸ್ತಿ, ಬೇಗ ಖಾಲಿ. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಆದರೆ ಅವರ ಹೆಸರಿನಲ್ಲೂ ಟಿಕೆಟ್ ತೆಗೆಯಲೇಬೇಕು. ನಿಮ್ಮ ಮಗನದ್ದು ಮರೆಯಬೇಡಿ.

2023ರಿಂದ ಈ ಟಿಕೆಟ್‌ಗಳ ಮೇಲೆ ಹೆಸರು ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳಬಹುದು. ನಮ್ಮ ಕಡೆಯವರಿಗೆ ಇಲ್ಲಿ ಒಂದು ತೊಡಕು. ಅಪ್ಪ-ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಇಲ್ಲವೇ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಉದ್ದಕ್ಕೆ ಬರೆದಿರುತ್ತದೆ. ಮನೆಯಲ್ಲಿ ಕರೆಯುವ ಹೆಸರು, ಬ್ಯಾಂಕ್ ಪಾಸ್‌ಬುಕ್‌ನ ಇನಿಷಿಯಲ್ ಯಾವುದೂ ಬೇಡ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅದೇ ಅಕ್ಷರ. ಸರ್‌ನೇಮ್ ಕೇಳಿದರೆ ಇರುವ ಒಂದೇ ಹೆಸರನ್ನು ಎರಡೂ ಕಡೆ ಹಾಕಿ. ಗೈಡ್ ಟಿಕೆಟ್ ತೆಗೆಯುವುದಾದರೂ ಹೆಸರುಗಳನ್ನು ಟೈಪ್ ಮಾಡಿ ಕಳಿಸಿ, ಸಾಕು. ಪಾಸ್‌ಪೋರ್ಟ್‌ನ ಸ್ಕ್ಯಾನ್ ಕಳಿಸುವ ಅಗತ್ಯ ಇಲ್ಲ.

'ಟಿಕೆಟ್ ನಾವೇ ಹೇಗಾದರೂ ಕೊಡಿಸ್ತೀವಿ' ಎನ್ನುವವರ ಬಗ್ಗೆ ಸ್ವಲ್ಪ ಹುಷಾರಾಗಿರಿ. ಕೊಲೋಸಿಯಂ ಟಿಕೆಟ್‌ಗಳನ್ನು ರಾಶಿ ರಾಶಿ ಬಾಚಿಕೊಂಡು, ಟೂರ್ ಜೊತೆ ಕಟ್ಟಿ ದುಬಾರಿ ಬೆಲೆಗೆ ಮಾರುವುದು ದೊಡ್ಡ ಗಲಾಟೆಯೇ ಆಗಿತ್ತು. 2025ರ ಏಪ್ರಿಲ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಈ ವಿಷಯದಲ್ಲಿ ಹಲವು ಕಂಪನಿಗಳಿಗೆ ಒಟ್ಟು ಸುಮಾರು 2 ಕೋಟಿ ಯೂರೊ ದಂಡ ಹಾಕಿತು. ಹಾಗಂತ ಟೂರ್ ಮಾರುವವರೆಲ್ಲ ಮೋಸಗಾರರಲ್ಲ. ಆದರೆ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಟಿಕೆಟ್‌ನ ಮೂಲ ಬೆಲೆ ಎಷ್ಟು, ಗೈಡ್ ಶುಲ್ಕ ಎಷ್ಟು, ಬೇರೆ ಬೇರೆ ಬರೆದು ಕೊಡಿ ಅಂತ. ಬಿಡಿಸಿ ಬರೆಯದವರನ್ನು ಬಿಟ್ಟುಬಿಡಿ.

ವ್ಯಾಟಿಕನ್ ಮ್ಯೂಸಿಯಂ ಟಿಕೆಟ್ ಬೇರೆ, ಸೈಟೂ ಬೇರೆ. ಅದು ಬೇರೆ ದೇಶ ತಾನೇ! ಪ್ರವೇಶ 20 ಯೂರೊ, ಆನ್‌ಲೈನ್‌ನಲ್ಲಿ ಮುಂಗಡ ತೆಗೆದರೆ 5 ಯೂರೊ ಜಾಸ್ತಿ. ಆ 5 ಯೂರೊ ಉಳಿಸಲು ಹೋಗಬೇಡಿ, ಹೊರಗಿನ ಸಾಲು ಗೋಡೆಯುದ್ದಕ್ಕೂ ಬೆಳೆದಿರುತ್ತದೆ. ಮ್ಯೂಸಿಯಂ ಭಾನುವಾರ ರಜಾ. ತಿಂಗಳ ಕೊನೆಯ ಭಾನುವಾರ ಮಾತ್ರ ಪುಕ್ಕಟೆ ತೆರೆಯುತ್ತದೆ, ಆ ದಿನ ಆ ಕಡೆ ತಲೆ ಹಾಕಬೇಡಿ. ಅದೇ ರೀತಿ ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಉಚಿತ. ಅವತ್ತಿನ ಜನಜಂಗುಳಿಯಲ್ಲಿ ಮಂಡಿ ನೋವಿನವರನ್ನು ನಿಲ್ಲಿಸುವುದು ಬೇಡ. ಬುಧವಾರ ಬೆಳಗ್ಗೆ ಪೋಪ್ ಊರಲ್ಲಿದ್ದರೆ ಸಾರ್ವಜನಿಕ ದರ್ಶನ ಇರುತ್ತದೆ. ಸಂತ ಪೀಟರ್ ಚೌಕ ತುಂಬಿರುತ್ತದೆ, ಅಲ್ಲಿನ ದೊಡ್ಡ ಚರ್ಚ್ ಸಂತ ಪೀಟರ್ ಬೆಸಿಲಿಕಾ ಒಳಗೆ ಹೋಗುವುದು ಮಧ್ಯಾಹ್ನದವರೆಗೆ ಕಷ್ಟ. ಆದ್ದರಿಂದ ವ್ಯಾಟಿಕನ್‌ಗೆ ಮಂಗಳವಾರ ಇಲ್ಲವೇ ಗುರುವಾರ, ಬೆಳಗ್ಗೆ 8ರ ಸ್ಲಾಟ್ ಸಿಕ್ಕರೆ ಅದೇ ಒಳ್ಳೆಯದು.

'ಸ್ಕಿಪ್ ದ ಲೈನ್' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಟಿಕೆಟ್ ಕೌಂಟರ್‌ನ ಸಾಲಿಗೆ ಮಾತ್ರ. ಭದ್ರತಾ ತಪಾಸಣೆಯ ಸಾಲು ಎಲ್ಲರಿಗೂ ಇದ್ದೇ ಇದೆ.

ಇನ್ನು ಗೈಡ್ ಹುಡುಕುವುದು. ರೋಮ್‌ನಲ್ಲಿ ಪರವಾನಗಿ ಇರುವ ಗೈಡ್‌ಗಳ ಸಂಘಗಳಿವೆ, ಅವರ ಪಟ್ಟಿಯಲ್ಲಿ ಭಾಷೆ ಮತ್ತು ವಿಷಯ ನೋಡಿ ಆರಿಸಬಹುದು. ಎಷ್ಟೋ ಗೈಡ್‌ಗಳಿಗೆ ಸ್ವಂತ ಸೈಟ್ ಇದೆ. ಪುರಾತತ್ವ ಇಲ್ಲವೇ ಕಲಾ ಇತಿಹಾಸ ಓದಿದವರು ಬಹಳ ಜನ ಸಿಗುತ್ತಾರೆ. ದೊಡ್ಡ ಬುಕಿಂಗ್ ಸೈಟ್‌ಗಳಲ್ಲಿ ಅನುಕೂಲ ಏನೆಂದರೆ ರದ್ದು ಮಾಡುವುದು ಸುಲಭ, ವಿಮರ್ಶೆ ಓದಬಹುದು. ಅನಾನುಕೂಲ ಏನೆಂದರೆ ಯಾರು ಬರುತ್ತಾರೆ ಎನ್ನುವುದು ಹಿಂದಿನ ಸಂಜೆಯವರೆಗೂ ಗೊತ್ತಾಗದೇ ಇರಬಹುದು. ಕಮಿಷನ್ ಕೂಡ ದೊಡ್ಡದು. ನಿಮ್ಮಂಥ ಕುಟುಂಬಕ್ಕೆ ನಾನು ನೇರ ಸಂಪರ್ಕವನ್ನೇ ಹೇಳುತ್ತೇನೆ. ವಿಮರ್ಶೆ ಓದುವಾಗ ನಕ್ಷತ್ರ ಎಣಿಸಬೇಡಿ. 'ನನ್ನ ಅತ್ತೆಗೆ 75', 'ಮಗು ಹಟ ಮಾಡಿತು', 'ಮಳೆ ಬಂತು' ಇಂಥ ವಿಮರ್ಶೆ ಹುಡುಕಿ. ಎಡವಟ್ಟಾದ ದಿನ ಗೈಡ್ ಏನು ಮಾಡಿದರು ಅನ್ನುವುದೇ ಮುಖ್ಯ.

ಮೂರ್ನಾಲ್ಕು ಜನರಿಗೆ ಒಂದೇ ಪತ್ರ ಬರೆಯಿರಿ. ಇಂಗ್ಲಿಷ್‌ನಲ್ಲಿ, ಆದರೆ ಒಳಗಿನ ವಿಷಯ ಹೀಗಿರಲಿ:

'ನಾವು ಐದು ಜನ. ಅಪ್ಪನಿಗೆ 71, ಇತಿಹಾಸ ಪಾಠ ಮಾಡಿದವರು, ಪ್ರಶ್ನೆ ಕೇಳುತ್ತಾರೆ. ಅಮ್ಮ ಸಮ ನೆಲದಲ್ಲಿ 20 ನಿಮಿಷ ನಡೆಯಬಲ್ಲರು, ಆಮೇಲೆ 10 ನಿಮಿಷ ಕೂರಬೇಕು. ಒಟ್ಟಿಗೆ ಹತ್ತು ಮೆಟ್ಟಿಲು ಸಾಕು. ಮಗನಿಗೆ 9, ಕಥೆ ಇಷ್ಟ, ದಿನಾಂಕ ಬೇಡ. ಇಬ್ಬರು ಹಿರಿಯರಿಗೂ ನಿಧಾನವಾದ, ಸರಳ ಇಂಗ್ಲಿಷ್ ಬೇಕು. ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಕೊಲೋಸಿಯಂ ನೋಡಲೇಬೇಕು, ಫೋರಂ ಎಷ್ಟು ಆಗುತ್ತದೋ ಅಷ್ಟು. ನಮಗೆ ನೀವು ಏನನ್ನು ಬಿಡಲು ಹೇಳುತ್ತೀರಿ?'

ಕೊನೆಯ ಪ್ರಶ್ನೆಯೇ ಪರೀಕ್ಷೆ. 'ಎಲ್ಲಾ ಆಗುತ್ತೆ, ಚಿಂತೆ ಬೇಡ' ಅಂತ ಉತ್ತರ ಬಂದರೆ ಅವರು ನಿಮ್ಮ ಪತ್ರ ಓದಿಲ್ಲ. 'ಫೋರಂನೊಳಗೆ ಇಳಿಯುವುದು ಬೇಡ, ಮೇಲಿಂದ ತೋರಿಸುತ್ತೇನೆ' ಎಂದು ಬರೆದವರ ಜೊತೆ ಮಾತು ಮುಂದುವರಿಸಿ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಫೋರಂನ ನೆಲ ಅಷ್ಟು ಕೆಟ್ಟದ್ದು. ಎರಡು ಸಾವಿರ ವರ್ಷದ ಕಪ್ಪು ಕಲ್ಲಿನ ಹಾಸು, ಒಂದೊಂದು ಕಲ್ಲೂ ಒಂದೊಂದು ಕಡೆ ವಾಲಿದೆ. ನೆರಳು ಕಡಿಮೆ, ಕೂರಲು ಜಾಗವೂ ಕಡಿಮೆ. ಮಂಡಿ ನೋವಿನವರಿಗೆ ಮೆಟ್ಟಿಲಿಗಿಂತ ಇದೇ ಕಷ್ಟ. ಆದರೆ ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಚೌಕಕ್ಕೆ ಟ್ಯಾಕ್ಸಿಯಲ್ಲಿ ಹೋಗಿ, ಅಲ್ಲಿನ ಅರಮನೆಯ ಪಕ್ಕದಿಂದ ಹಿಂದಕ್ಕೆ ಬಂದರೆ ಇಡೀ ಫೋರಂ ಕಾಲ ಕೆಳಗೆ ಕಾಣುತ್ತದೆ. ದೂರದಲ್ಲಿ ಕೊಲೋಸಿಯಂ. ಟಿಕೆಟ್ ಬೇಡ. ಒಳ್ಳೆಯ ಗೈಡ್ ಅಲ್ಲಿ ನಿಂತೇ ಮುಕ್ಕಾಲು ಗಂಟೆ ಪಾಠ ಮಾಡಬಲ್ಲರು. ಆಮೇಲೆ ಅಪ್ಪ, ಮೊಮ್ಮಗ, ನೀವು ಗೈಡ್ ಜೊತೆ ಕೆಳಗಿಳಿಯಿರಿ. ಅಮ್ಮನ ಜೊತೆ ಒಬ್ಬರು ಕಾಫಿ ಕುಡಿಯುತ್ತಾ ಕೂರಲಿ. ಖಾಸಗಿ ಟೂರ್‌ನ ದೊಡ್ಡ ಲಾಭ ಇದು, ಗುಂಪನ್ನು ಒಡೆದು ಮತ್ತೆ ಸೇರಿಸಬಹುದು. ಬಸ್ ಟೂರ್‌ನಲ್ಲಿ ಇದು ಸಾಧ್ಯವಿಲ್ಲ.

ಕೊಲೋಸಿಯಂನಲ್ಲಿ ಮೇಲಂತಸ್ತಿಗೆ ಲಿಫ್ಟ್ ಇದೆ. ನಡೆಯಲು ಕಷ್ಟ ಇರುವವರಿಗೆ ಬಿಡುತ್ತಾರೆ. ಗೈಡ್‌ಗೆ ಮುಂಚೆಯೇ ಹೇಳಿಡಿ. ಮಗನಿಗೆ ಇಲ್ಲಿ ಹಿಡಿಸುವುದು ನೆಲಮಾಳಿಗೆ. ಪ್ರಾಣಿಗಳ ಪಂಜರವನ್ನು ಹಗ್ಗ ಮತ್ತು ರಾಟೆಯಿಂದ ಮೇಲೆತ್ತಿ, ಮರಳಿನ ನಡುವೆ ಇದ್ದಕ್ಕಿದ್ದಂತೆ ಹೊರಗೆ ಬಿಡುತ್ತಿದ್ದ ಏರ್ಪಾಡು ಅದು. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕೊಲೋಸಿಯಂ ಉದ್ಘಾಟಿಸಿದಾಗ ಆಟಗಳು 100 ದಿನ ನಡೆದವು ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. 24 ಯೂರೊ ಟಿಕೆಟ್ ಸಿಕ್ಕರೆ ಮಗನನ್ನೂ ಅಪ್ಪನನ್ನೂ ಕೆಳಗೆ ಕರೆದುಕೊಂಡು ಹೋಗಿ. ಸಿಗದಿದ್ದರೆ ಮೇಲಿಂದಲೇ ಆ ಗೋಡೆಗಳ ಜಾಲ ಚೆನ್ನಾಗಿ ಕಾಣುತ್ತದೆ, ಬೇಜಾರು ಬೇಡ.

ಅಪ್ಪನ ವಿಷಯಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು. ಇತಿಹಾಸ ಬಲ್ಲವರಿಗೆ ಗೈಡ್ ಅದೇ ಸೀಸರ್, ಅದೇ ನೀರೋ ಕಥೆ ಹೇಳಿದರೆ ಅರ್ಧ ಗಂಟೆಯಲ್ಲಿ ಆಕಳಿಸುತ್ತಾರೆ. ಅವರಿಗೆ ಒಂದು ಎಳೆ ಕೊಡಿ. ನಾನು ಹೇಳುವ ಎಳೆ ಕಾಳುಮೆಣಸು.

ಫೋರಂನಲ್ಲಿ ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ದೊಡ್ಡ ಬೆಸಿಲಿಕಾ (ಇದು ಚರ್ಚ್ ಅಲ್ಲ, ಸಾರ್ವಜನಿಕ ಸಭಾಭವನ) ಇದೆಯಲ್ಲ, ಮೂರು ದೈತ್ಯ ಕಮಾನು ಉಳಿದಿರುವುದು, ಅದರ ಅಡಿಯಲ್ಲಿ ಚಕ್ರವರ್ತಿ ಡೊಮಿಷಿಯನ್ ಕಾಲದ ಮೆಣಸಿನ ಗೋದಾಮು ಇತ್ತು. ಹೆಸರೇ ಹೊರ‍್ರಿಯ ಪಿಪೆರಟಾರಿಯ. ಅಲ್ಲಿ ತುಂಬಿಡುತ್ತಿದ್ದ ಕರಿಮೆಣಸು ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಮುಂಗಾರು ಗಾಳಿ ಹಿಡಿದು ಹಡಗುಗಳು ಕೆಂಪು ಸಮುದ್ರದಿಂದ ಬಂದು ಹೋಗುತ್ತಿದ್ದವು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹರಿದುಹೋಗುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. ಮುಂದೆ 408ರಲ್ಲಿ ಗಾಥ್ ದೊರೆ ಅಲಾರಿಕ್ ರೋಮ್‌ಗೆ ಮುತ್ತಿಗೆ ಹಾಕಿ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಮೆಣಸೂ ಇತ್ತು. ಈ ಕಡೆ ತುದಿ ನಿಮ್ಮ ತಂದೆಗೆ ಗೊತ್ತೇ ಇರುತ್ತದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದರು. ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕವು.

ಗೈಡ್‌ಗೆ ಬರೆಯುವ ಪತ್ರದಲ್ಲಿ 'ಭಾರತದ ಜೊತೆಗಿನ ವ್ಯಾಪಾರದ ಕಡೆಯಿಂದ ಫೋರಂ ತೋರಿಸಿ' ಎಂದು ಒಂದು ಸಾಲು ಸೇರಿಸಿ. ಪುರಾತತ್ವ ಓದಿದ ಗೈಡ್ ಆದರೆ ಖುಷಿಪಡುತ್ತಾರೆ. ದಿನಾ ಅದದೇ ಕಥೆ ಹೇಳಿ ಅವರಿಗೂ ಸಾಕಾಗಿರುತ್ತದೆ. ಅಪ್ಪ ಅವರಿಗೆ ಚಂದ್ರವಳ್ಳಿ ಕಥೆ ಹೇಳಲಿ. ದಿನ ಕೂಡಿಬಂದರೆ ಹಳೇ ಬಂದರು ಪಟ್ಟಣ ಆಸ್ಟಿಯಾ ಆಂಟಿಕಾಗೂ ಹೋಗಬಹುದು, ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಅಲ್ಲಿನ ವರ್ತಕರ ಚೌಕದಲ್ಲಿ ಒಂದೊಂದು ಅಂಗಡಿಯ ಮುಂದೆ ಒಂದೊಂದು ಮೊಸಾಯಿಕ್ ಬೋರ್ಡು. ಒಂದರಲ್ಲಿ ಆನೆ ಇದೆ. ಅದು ಉತ್ತರ ಆಫ್ರಿಕಾದ ಸಬ್ರಥಾ ಊರಿನ ವರ್ತಕರದ್ದು, ನಮ್ಮ ಆನೆ ಅಲ್ಲ. ಸೋಮವಾರ ಅಲ್ಲಿಗೆ ರಜಾ. ಮೂರೇ ದಿನ ಇರುವುದರಿಂದ ನಾನು ಒತ್ತಾಯ ಮಾಡುವುದಿಲ್ಲ.

ವ್ಯಾಟಿಕನ್‌ನಲ್ಲಿ ಅಮ್ಮನಿಗೆ ವೀಲ್‌ಚೇರ್ ತೆಗೆದುಕೊಳ್ಳಿ. ಮ್ಯೂಸಿಯಂನಲ್ಲೇ ಉಚಿತವಾಗಿ ಕೊಡುತ್ತಾರೆ. 'ನನಗೇನಾಗಿದೆ, ವೀಲ್‌ಚೇರ್ ಯಾಕೆ' ಎಂದು ಅಮ್ಮ ರೇಗುವುದು ಗ್ಯಾರಂಟಿ. ಮನೆಯಲ್ಲೇ ಮಾತಾಡಿ ಒಪ್ಪಿಸಿ. ಬಾಗಿಲಲ್ಲಿ ನಿಂತು ಜಗಳ ಬೇಡ. ಸಿಸ್ಟೀನ್ ಚಾಪೆಲ್ ತಲುಪುವ ಮುಂಚೆ ಉದ್ದುದ್ದ ಕಾರಿಡಾರ್‌ಗಳಿವೆ, ಜನ ಒತ್ತಿಕೊಂಡೇ ನಡೆಯುತ್ತಾರೆ. ಚಾಪೆಲ್ ಒಳಗೆ ಮಾತೂ ಇಲ್ಲ, ಫೋಟೊವೂ ಇಲ್ಲ. ಗೈಡ್ ಕೂಡ ಅಲ್ಲಿ ವಿವರಿಸುವಂತಿಲ್ಲ. ಅದಕ್ಕೇ ಹೊರಗಿನ ಅಂಗಳದಲ್ಲಿ ಚಿತ್ರಫಲಕಗಳನ್ನು ಇಟ್ಟಿದ್ದಾರೆ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದ ಮೇಲ್ಛಾವಣಿ, ಆಮೇಲೆ ಎರಡು ದಶಕ ಬಿಟ್ಟು ಬಂದು ಗೋಡೆಗೆ ಬರೆದ ಅಂತಿಮ ತೀರ್ಪು, ಎರಡನ್ನೂ ಗೈಡ್ ಅಲ್ಲೇ ಕೂರಿಸಿ ಹೇಳುತ್ತಾರೆ. ಇಲ್ಲಿ ಅವಸರ ಮಾಡಿಸಬೇಡಿ. ಅದನ್ನು ಕೇಳಿದವರಿಗೂ ಕೇಳದವರಿಗೂ ಒಳಗೆ ಕಾಣುವುದು ಬೇರೆ ಬೇರೆ.

ಇಲ್ಲೊಂದು ವಿಷಯ ಬರವಣಿಗೆಯಲ್ಲಿ ಕೇಳಿ. ಚಾಪೆಲ್‌ನಿಂದ ಸಂತ ಪೀಟರ್ ಬೆಸಿಲಿಕಾಗೆ ಒಳಗಿನಿಂದಲೇ ಒಂದು ದಾರಿ ಇದೆ. ಅದು ಯಾವಾಗಲೂ ತೆರೆದಿರುವುದಿಲ್ಲ, ಸಾಮಾನ್ಯವಾಗಿ ಗೈಡ್ ಜೊತೆ ಬಂದ ಗುಂಪುಗಳಿಗೆ ಬಿಡುತ್ತಾರೆ. ಮುಚ್ಚಿದ್ದರೆ ಮತ್ತೆ ಮ್ಯೂಸಿಯಂ ಬಾಗಿಲಿಗೆ ಬಂದು, ಕೋಟೆ ಗೋಡೆ ಸುತ್ತಿ, ಚೌಕದಲ್ಲಿ ಮತ್ತೊಂದು ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. 'ಆ ದಾರಿ ಮುಚ್ಚಿದ್ದರೆ ನಿಮ್ಮ ಪ್ಲಾನ್ ಏನು?' ಎಂದು ಕೇಳಿ. ಟ್ಯಾಕ್ಸಿಯಲ್ಲಿ ಸುತ್ತಿ ಹೋಗೋಣ ಎಂದೋ, ಬೆಸಿಲಿಕಾ ಬೇರೆ ದಿನ ಬೆಳಗ್ಗೆ ಬೇಗ ನೋಡಿ ಎಂದೋ ಹೇಳಿದರೆ ಸರಿ. ಬೆಸಿಲಿಕಾ ಪ್ರವೇಶ ಉಚಿತ. ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ತೆಗೆದುಕೊಂಡರೂ ಇನ್ನು 320 ಉಳಿಯುತ್ತದೆ. ಹಿರಿಯರಿಗೆ ಬೇಡ. ಬಟ್ಟೆಯ ವಿಷಯದಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಅಮ್ಮನ ಸೀರೆಗೆ ತೊಂದರೆ ಇಲ್ಲ, ಮಗನ ಚಡ್ಡಿ ನೋಡಿಕೊಳ್ಳಿ.

ಗಾಡಿಯ ಅರ್ಧ ದಿನಕ್ಕೆ ನನ್ನ ಆಯ್ಕೆ ಜಾನಿಕುಲಂ ಗುಡ್ಡ, ಅವೆಂಟೈನ್ ಗುಡ್ಡ, ಹಳೇ ಅಪ್ಪಿಯನ್ ರಸ್ತೆ. ಜಾನಿಕುಲಂ ಮೇಲಿಂದ ಇಡೀ ಊರು ಕಾಣುತ್ತದೆ. ದಿನಾ ಮಧ್ಯಾಹ್ನ 12ಕ್ಕೆ ಅಲ್ಲಿ ತೋಪು ಹಾರಿಸುತ್ತಾರೆ, ಮಗನಿಗೆ ಅದಕ್ಕಿಂತ ಬೇರೆ ಬೇಡ. ಅವೆಂಟೈನ್‌ನಲ್ಲಿ ಮಾಲ್ಟಾ ನೈಟ್‌ಗಳು ಎಂಬ ಹಳೇ ಕ್ಯಾಥೊಲಿಕ್ ಪಂಗಡದವರ ಗೇಟಿನ ಬೀಗದ ತೂತಿನಲ್ಲಿ ಇಣುಕಿದರೆ, ಗಿಡಗಳ ಸಾಲಿನ ತುದಿಯಲ್ಲಿ ಸಂತ ಪೀಟರ್ ಗುಮ್ಮಟ ಸರಿಯಾಗಿ ನಡುವೆ ಕೂತಿರುತ್ತದೆ. ಇವುಗಳಿಗೆ ಗೈಡ್ ಬೇಡ, ಡ್ರೈವರ್ ಸಾಕು.

ಲೆಕ್ಕ ಹಾಕೋಣ. ರೋಮ್‌ನಲ್ಲಿ ಖಾಸಗಿ ಗೈಡ್ ದರ ಸಾಮಾನ್ಯವಾಗಿ ಗಂಟೆಗೆ 60ರಿಂದ 100 ಯೂರೊ ನಡುವೆ ಇರುತ್ತದೆ. ಇದು ತಲೆಗೆ ಅಲ್ಲ, ಇಡೀ ಕುಟುಂಬಕ್ಕೆ. ತಲೆಗಿಷ್ಟು ಎಂದರೆ ಅದು ನಿಜವಾಗಿ ಖಾಸಗಿಯೋ, ಸಣ್ಣ ಗುಂಪೋ ಎಂದು ಮತ್ತೊಮ್ಮೆ ಕೇಳಿ. ಮೂರು ಗಂಟೆಯ ಎರಡು ಟೂರ್‌ಗೆ 80ರಂತೆ 480. ಕೊಲೋಸಿಯಂ ನಾಲ್ಕು ಟಿಕೆಟ್ 72. ವ್ಯಾಟಿಕನ್ ದೊಡ್ಡವರಿಗೆ 100, ಮಗನಿಗೆ ರಿಯಾಯಿತಿ ದರ. ನಾಲ್ಕು ಗಂಟೆ ವ್ಯಾನ್‌ಗೆ 250-300 ಇಟ್ಟುಕೊಳ್ಳಿ. ಒಟ್ಟು ಸಾವಿರದ ಒಳಗೆ ಬರುತ್ತದೆ, ಟಿಕೆಟ್ ಸೇರಿ. ಮಿಕ್ಕ ದುಡ್ಡಿನಲ್ಲಿ ಊರಿನ ನಡುವೆಯೇ ಒಳ್ಳೆಯ ಹೋಟೆಲ್ ತೆಗೆದುಕೊಳ್ಳಿ. ಪ್ಯಾಂಥಿಯನ್ ಸುತ್ತಮುತ್ತ ಇದ್ದರೆ ಅಮ್ಮ ಮಧ್ಯಾಹ್ನ ರೂಮಿಗೆ ಬಂದು ಕಾಲು ಚಾಚಬಹುದು. ಮಂಡಿಗೆ ವ್ಯಾನ್‌ಗಿಂತ ಅದೇ ಮೇಲು. ಬುಕ್ ಮಾಡುವಾಗ ಲಿಫ್ಟ್ ಇದೆಯೇ ಕೇಳಿ, ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ.

ಪೂರ್ತಿ ಹಣ ಮುಂಗಡ ಕೊಡಬೇಡಿ. ಟಿಕೆಟ್ ಹಣ ಮೊದಲು ಕೇಳಿದರೆ ನ್ಯಾಯ, ಅದು ವಾಪಸ್ ಬರುವಂಥದ್ದಲ್ಲ. ಗೈಡ್ ಶುಲ್ಕದ ಒಂದು ಭಾಗ ಮುಂಗಡ, ಉಳಿದದ್ದು ಆ ದಿನ. ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಏನು ಸಿಗುತ್ತದೆ, ಗೈಡ್‌ಗೆ ಹುಷಾರಿಲ್ಲದಿದ್ದರೆ ಬದಲಿಗೆ ಯಾರು, ನೀವು ತಡವಾದರೆ ಎಷ್ಟು ಹೊತ್ತು ಕಾಯುತ್ತಾರೆ, ಇಷ್ಟನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ವಾಟ್ಸ್ಆ್ಯಪ್ ಕಾಲ್‌ನಲ್ಲಿ ಒಪ್ಪಿದ್ದು ಲೆಕ್ಕಕ್ಕಿಲ್ಲ. ಅಕ್ಟೋಬರ್‌ನಲ್ಲಿ ಮಳೆ ಬರಬಹುದು. ಕೊಲೋಸಿಯಂ ದಿನ ಮಳೆ ಬಂದರೆ ಏನು ಬದಲಿ ಎನ್ನುವುದನ್ನೂ ಕೇಳಿ.

ಊಟ. ಗೈಡ್‌ಗೆ 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು. ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿ ಮಾಂಸ ಇದೆ. ಸುಪ್ಲಿ ಎಂಬ ಕರಿದ ಅನ್ನದ ಉಂಡೆಯಲ್ಲೂ ಹೆಚ್ಚಾಗಿ ಮಾಂಸದ ಸಾರು ಸೇರಿರುತ್ತದೆ. ಕಾಚೊ ಎ ಪೆಪೆಯಲ್ಲಿ ಚೀಸ್ ಮತ್ತು ಮೆಣಸು ಅಷ್ಟೇ, ಆದರೆ ಆ ಪೆಕೊರಿನೊ ಚೀಸ್ ಹೆಪ್ಪು ಹಾಕಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರೆ. ಪಾರ್ಮೆಸಾನ್‌ಗೆ ಕರುವಿನದು. ಇದನ್ನು ಅಮ್ಮನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಕಟ್ಟುನಿಟ್ಟಾಗಿ ನಡೆಯುವವರಾದರೆ ಹೇಳಲೇಬೇಕು. ಚೀಸ್ ಇಲ್ಲದ ಪಿಜ್ಜಾ ಮರಿನಾರಾ, ತೂಕಕ್ಕೆ ಕತ್ತರಿಸಿ ಕೊಡುವ ಪಿಜ್ಜಾ ರೊಸ್ಸಾ, ಟೊಮೆಟೊ ಸಾಸ್‌ನ ಪಾಸ್ತಾ ಎಲ್ಲಾ ಕಡೆ ಸಿಗುತ್ತದೆ. ಅನ್ನ ಬೇಕೇ ಬೇಕೆಂದರೆ ಟೆರ್ಮಿನಿ ಸ್ಟೇಷನ್ ಹತ್ತಿರದ ಎಸ್ಕ್ವಿಲಿನೊ ಕಡೆ ಭಾರತೀಯ ಹೋಟೆಲುಗಳೂ ದಿನಸಿ ಅಂಗಡಿಗಳೂ ಇವೆ. ಆ ಕಡೆ ಹೋದಾಗ, ಮೆಟ್ರೊದಲ್ಲಿ ಸಹ, ಅಪ್ಪನ ಶರ್ಟ್ ಜೇಬಿನಲ್ಲಿ ದುಡ್ಡು ಇರಬಾರದು.

ಇನ್ನೊಂದು, ಮಧ್ಯಾಹ್ನ 3ರ ಹೊತ್ತಿಗೆ ಅಡುಗೆ ಮನೆ ಮುಚ್ಚಿದರೆ ಎಷ್ಟೋ ಕಡೆ ರಾತ್ರಿ ಏಳು, ಏಳೂವರೆಗೇ ತೆರೆಯುವುದು. ಹಿರಿಯರ ಮಾತ್ರೆಯ ಹೊತ್ತು ನೋಡಿಕೊಂಡು ಬ್ಯಾಗಿನಲ್ಲಿ ಚಕ್ಕುಲಿ, ಖರ್ಜೂರ ಇಟ್ಟುಕೊಳ್ಳಿ. ನೀರಿಗೆ ದುಡ್ಡು ಹಾಕಬೇಡಿ. ಬೀದಿಬೀದಿಯಲ್ಲಿ ನಾಸೋನಿ ಎಂಬ ಕಬ್ಬಿಣದ ನಲ್ಲಿ ಕಂಬಗಳಿವೆ, ತಣ್ಣನೆಯ ಒಳ್ಳೆಯ ನೀರು.

ಕೊನೆಗೆ ಟಿಪ್ಸ್. ಇಟಲಿಯಲ್ಲಿ ಕಡ್ಡಾಯ ಅಲ್ಲ, ಅಮೆರಿಕದ ಹಾಗೆ ಇಷ್ಟು ಪರ್ಸೆಂಟ್ ಎಂಬ ಲೆಕ್ಕವೂ ಇಲ್ಲ. ಅಮ್ಮನಿಗಾಗಿ ನಿಧಾನ ಮಾಡಿ, ಅಪ್ಪನ ಪ್ರಶ್ನೆಗೆಲ್ಲ ಉತ್ತರ ಕೊಟ್ಟ ಗೈಡ್‌ಗೆ 20 ಯೂರೊ ಕೊಟ್ಟರೆ ಚೆನ್ನಾಗಿಯೇ ಕೊಟ್ಟಂತೆ. ಡ್ರೈವರ್‌ಗೆ ಐದೋ ಹತ್ತೋ ಸಾಕು.